ಅಟ್ಟದ ಕೊಬ್ಬರಿ, ಹಡಗಿನ ಕೊಬ್ಬರಿ

ಹೊಳೆನರಸೀಪುರದ ಆ ಜಗಲಿಯ ಮೇಲೆ ಅವತ್ತು ಇದ್ದವರು ಮೂರೇ ಜನ. ಒರಗುಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತಿದ್ದ ನಮ್ಮ ಮೇಷ್ಟ್ರು. ಅವರ ಎದುರಿಗೆ ಮಣೆಯ ಮೇಲೆ, ತಲೆದಿಂಬಿನಷ್ಟು ದಪ್ಪದ ಇಂಗ್ಲಿಷ್ ನಿಘಂಟನ್ನು ತೊಡೆಯ ಮೇಲೆ ಹೊತ್ತುಕೊಂಡು ನಾನು. ಹೊಸ್ತಿಲಿನ ಆಚೆ, ಒಳಗಿನ ನೆರಳಲ್ಲಿ, ಮೊರದ ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದ ಮೇಷ್ಟ್ರ ಹೆಂಡತಿ; ಅವರನ್ನು ನಾನು ಅಮ್ಮ ಎನ್ನುತ್ತಿದ್ದೆ. ಭಾನುವಾರ ಮಧ್ಯಾಹ್ನ, ಊಟ ಮುಗಿದ ಹೊತ್ತು. ಯುದ್ಧದ ವರ್ಷಗಳು, ಅಕ್ಕಿಗಿಂತ ಕಲ್ಲೇ ಹೆಚ್ಚು ಎಂದು ಆಕೆ ಮೊರ ಹಿಡಿದಾಗಲೆಲ್ಲ ಹೇಳುತ್ತಿದ್ದರು.

ಮೇಷ್ಟ್ರು ನನಗೆ ಹಾಸನದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದವರು. ನಾನು ಹಿರೀಸಾವೆಯ ಪಕ್ಕದ ಹಳ್ಳಿಯವನು, ತೆಂಗಿನ ತೋಟದ ಮನೆಯವನು. ಹಾಸನಕ್ಕೆ ಓದಲು ಬಂದಾಗ ನನ್ನ ಹತ್ತಿರ ಇದ್ದ ಭಾಷೆಯೆಂದರೆ ನಮ್ಮಜ್ಜಿ ಕೊಟ್ಟದ್ದು ಮಾತ್ರ. 'ಹೋಗು' ನನ್ನ ಬಾಯಲ್ಲಿ 'ಓಗು' ಆಗುತ್ತಿತ್ತು, 'ಹಾಗೆ' ಎನ್ನುವುದು 'ಅಂಗೆ'. ಬೇರೆ ಮೇಷ್ಟ್ರುಗಳು ನಗುತ್ತಿದ್ದರು, ಕೆಲವರು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಇವರು ಮಾತ್ರ ಒಂದು ಇಂಗ್ಲಿಷ್ ಪದ ಹೇಳಿಕೊಟ್ಟ ಕೂಡಲೇ ನನ್ನ ಕಡೆ ತಿರುಗಿ, "ನಿಮ್ಮೂರಲ್ಲಿ ಇದಕ್ಕೇನಂತಾರಯ್ಯ?" ಎಂದು ಕೇಳುತ್ತಿದ್ದರು. ನಾನು ಹೇಳಿದ್ದನ್ನು ಜೇಬಿನ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಮೇಷ್ಟ್ರು ಹುಡುಗನ ಮಾತು ಬರೆದುಕೊಳ್ಳುವುದೆಂದರೆ ನನಗೆ ಅದೆಷ್ಟು ದೊಡ್ಡ ವಿಷಯವಾಗಿತ್ತೆಂದು ಈಗ ಹೇಳಿದರೆ ಯಾರೂ ನಂಬಲಾರರು. ಎರಡನೆಯ ವರ್ಷಕ್ಕೆ ನಾನು ತರಗತಿಯಲ್ಲಿ ಎದ್ದು ನಿಂತು ಇಂಗ್ಲಿಷಿನಲ್ಲಿ ಉತ್ತರ ಹೇಳುವಷ್ಟಾದೆ. ನನ್ನ ಕನ್ನಡವನ್ನು ಯಾರೂ ಕಿತ್ತುಕೊಳ್ಳುವುದಿಲ್ಲ ಎಂಬ ಧೈರ್ಯ ಬಂದ ಮೇಲೆ ಇಂಗ್ಲಿಷ್ ಸುಲಭವಾಯಿತು. ಅಷ್ಟೇ ಅದರ ಗುಟ್ಟು.

ಆಮೇಲೆ ನಾನು ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನಾದೆ. ಹೊಳೆನರಸೀಪುರಕ್ಕೆ ವರ್ಗವಾಗಿ ಬಂದಾಗ ಮೇಷ್ಟ್ರು ನಿವೃತ್ತರಾಗಿ ಅಲ್ಲಿಯೇ ನೆಲೆಸಿದ್ದಾರೆಂದು ತಿಳಿಯಿತು. ನೋಡಲು ಹೋದೆ. ಬಾಗಿಲಲ್ಲಿ ನಿಂತ ನನ್ನನ್ನು ಅವರು ಗುರುತಿಸಲಿಲ್ಲ. ಮಾತಾಡಿದ ಮೇಲೆ, "ಓ, ಓಗು ಬಂದನೋ" ಎಂದು ನಕ್ಕರು. ಬಲಗಣ್ಣು ಹಿಂದೆಯೇ ಹೋಗಿತ್ತು. ಎಡಗಣ್ಣಿಗೆ ಪೊರೆ ಬಂದಿತ್ತು. ಪೊರೆ ಚೆನ್ನಾಗಿ ಬಲಿತ ಮೇಲೆ ಮೈಸೂರಿಗೆ ಬನ್ನಿ, ತೆಗೆಯೋಣ ಎಂದು ಡಾಕ್ಟರು ಹೇಳಿದ್ದರಂತೆ. ತೆಗೆದರೆ ಬೆಳಕು ಬರಬಹುದು, ಇದ್ದದ್ದು ಹೋಗಲೂಬಹುದು ಎಂದೂ ಹೇಳಿದ್ದರಂತೆ. ಇದ್ದದ್ದು ಒಂದೇ ಕಣ್ಣು.

ಅಷ್ಟರೊಳಗೆ ಅವರಿಗೆ ಒಂದು ಕೆಲಸ ಮುಗಿಯಬೇಕಿತ್ತು. ನಮ್ಮ ಕಡೆಯಿಂದ ಹೊರಟು ಇಂಗ್ಲಿಷಿಗೆ ಸೇರಿಕೊಂಡ ಪದಗಳ ಒಂದು ಪುಸ್ತಕ. ಮಾಂಗಾ ಹೇಗೆ ಮ್ಯಾಂಗೋ ಆಯಿತು, ತೇಗ ಹೇಗೆ ಟೀಕ್ ಆಯಿತು, ಹಗ್ಗದ ನಾರು ಕಾಯರ್ ಆಗಿ ಯಾವ ಊರು ನೋಡಿತು, ಹೀಗೆ. ಒಂದೊಂದು ಪದಕ್ಕೂ ಅದು ದಾಟಿಬಂದ ಭಾಷೆಗಳನ್ನು ಹಿಂದುಹಿಂದಕ್ಕೆ ಹೇಳಿಕೊಂಡು ಹೋಗಿ, ಕೊನೆಗೆ ಯಾರ ಮನೆಯ ಅಂಗಳದಲ್ಲಿ ಹುಟ್ಟಿತೆಂದು ತೋರಿಸುವುದು. ಶಾಲೆಯ ಮಕ್ಕಳಿಗೆಂದು ಬರೆದದ್ದು. ಮೈಸೂರಿನಲ್ಲಿ ಅಚ್ಚುಕೂಟ ಇಟ್ಟಿದ್ದ ಅವರ ಹಳೆಯ ವಿದ್ಯಾರ್ಥಿಯೊಬ್ಬರು ಅಚ್ಚು ಹಾಕಿಕೊಡಲು ಒಪ್ಪಿದ್ದರು. "ಕಣ್ಣಿಗೆ ಕತ್ತರಿ ಹಾಕಿಸಿಕೊಳ್ಳೋ ಮುಂಚೆ ಇದು ನನ್ನ ಕೈಬಿಡಬೇಕು" ಎಂದು ಮೇಷ್ಟ್ರು ಹೇಳುತ್ತಿದ್ದರು. "ಆಮೇಲೆ ತಪ್ಪು ಕಂಡರೂ ತಿದ್ದೋದಕ್ಕೆ ನನಗೆ ಕಾಣಬೇಕಲ್ಲ."

ಅವರದೊಂದು ನಿಯಮವಿತ್ತು. ನಿಘಂಟಿನಲ್ಲಿ ಇದ್ದ ಮಾತ್ರಕ್ಕೆ ಪದವನ್ನು ಬರೆಯುವುದಿಲ್ಲ. ಆ ವಸ್ತುವಿನಲ್ಲಿ ಕೈ ಆಡಿಸುವವರ ಬಾಯಿಂದ ಕೇಳಬೇಕು. ಜಿಂಜರ್ ಎಂಬ ಪದಕ್ಕೋಸ್ಕರ ಅರಕಲಗೂಡಿನ ಸಂತೆಗೆ ಹೋಗಿ, ಹಸಿಶುಂಠಿ ಮಾರುವ ಹೆಂಗಸಿನ ಪಕ್ಕ ಬೆಳಗಿನಿಂದ ಮಧ್ಯಾಹ್ನದವರೆಗೆ ಕೂತಿದ್ದರು. ಜಿಂಜರಿನ ಮೂಲವಾದ ಸಂಸ್ಕೃತದ ಶೃಂಗವೇರ ಎಂದರೆ ಕೊಂಬಿನ ಮೈಯುಳ್ಳದ್ದು ಎಂದು ಪಂಡಿತರು ಹೇಳುತ್ತಾರಮ್ಮ ಎಂದು ಅವಳಿಗೆ ಹೇಳಿದರಂತೆ. ಅವಳು ಶುಂಠಿಯ ಮಣ್ಣು ಒರೆಸುತ್ತ, "ಕೊಂಬೆಲ್ಲಿ ಬಂತು ಸಾಮಿ, ಇದು ಬೇರಲ್ವಾ" ಅಂದಳಂತೆ. ಆ 'ವೇರ'ದಲ್ಲಿ ಇರುವುದು ನಮ್ಮ ಬೇರೇ ಎಂದು ಹೇಳುವ ವಿದ್ವಾಂಸರೂ ಇದ್ದಾರೆ. ಇವಳು ಯಾವ ಪುಸ್ತಕವನ್ನೂ ಓದದೆ ಅಲ್ಲಿಗೆ ಬಂದುಬಿಟ್ಟಳಲ್ಲ ಎಂದು ಮೇಷ್ಟ್ರು ಈ ಕತೆಯನ್ನು ಎಷ್ಟು ಸಲ ಹೇಳಿದರೂ ಮೊದಲ ಸಲದ ಹಾಗೇ ಹೇಳುತ್ತಿದ್ದರು.

ಮೂವತ್ತೊಂಬತ್ತು ಪದ ಮುಗಿದಿದ್ದವು. ಆ ಭಾನುವಾರದ ಪದ ಕಾಪ್ರ.

"ಓದಯ್ಯ."

ನಾನು ಸಣ್ಣ ಅಕ್ಷರಕ್ಕೆ ಮೂಗು ತಾಗಿಸಿ ಓದಿದೆ. ಕಾಪ್ರ, ತೆಂಗಿನಕಾಯಿಯ ಒಣಗಿದ ತಿರುಳು. ಇಂಗ್ಲಿಷಿಗೆ ಬಂದದ್ದು ಪೋರ್ಚುಗೀಸರಿಂದ. ಪೋರ್ಚುಗೀಸರಿಗೆ ಸಿಕ್ಕಿದ್ದು ಮಲಯಾಳದ ಕೊಪ್ಪರ. ಹಿಂದೂಸ್ತಾನಿಯ ಖೋಪ್ರಾವನ್ನು ಹೋಲಿಸಿ ನೋಡುವುದು.

"ಆಮೇಲೆ?"

"ಅಷ್ಟೇ ಮೇಷ್ಟ್ರೇ."

"ಅವರ ಹಡಗು ಅಲ್ಲಿಗೆ ನಿಂತಿತು ನೋಡು. ಅದಕ್ಕೇ ನಿಘಂಟೂ ಅಲ್ಲಿಗೇ ನಿಂತಿದೆ. ನಾವು ಇಳಿದು ಸ್ವಲ್ಪ ನಡೆಯೋಣ." ಅವರು ಕಣ್ಣು ಮುಚ್ಚಿಕೊಂಡೇ ಬೆರಳು ಮಡಿಸಿದರು. "ನಮ್ಮ ಕೊಬ್ಬರಿ, ಅವರ ಕೊಪ್ಪರ, ಉತ್ತರದವರ ಖೋಪ್ರಾ. ಇವೆಲ್ಲದರ ಹಿಂದೆ ಸಂಸ್ಕೃತದ ಖರ್ಪರ ಇರಬಹುದು. ಖರ್ಪರ ಅಂದರೆ ತಲೆಬುರುಡೆ. ಒಡೆದ ಮಡಕೆಯ ಹೋಳು ಅಂತಲೂ ಇದೆ. ಇವೆರಡರಲ್ಲಿ ಯಾವುದನ್ನ ನೋಡಿ ಕೊಬ್ಬರಿಗೆ ಆ ಹೆಸರು ಬಂತು? ನಾನು ಹೀಗೆ ಬರೆದಿದ್ದೀನಿ ನೋಡು: ಕಾಯಿಯನ್ನು ಎರಡು ಹೋಳು ಮಾಡಿ ಬಿಸಿಲಿಗೆ ಒಣಗಿಸುವುದರಿಂದ, ಮಡಕೆಯ ಹೋಳು. ಯಾವುದೋ ಇಂಗ್ಲಿಷ್ ಪುಸ್ತಕದಲ್ಲಿ ಓದಿದ್ದು. ನೀನು ತೆಂಗಿನ ಮನೆಯವನು. ಸರಿಯೋ?"

ನಾನು ಜೋರಾಗಿ ನಕ್ಕುಬಿಟ್ಟೆ. ಆ ನಗು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

"ಕಾಯಿ ಒಡೆದು ಯಾರು ಮೇಷ್ಟ್ರೇ ಒಣಗಿಸ್ತಾರೆ? ಬೂಸ್ಟು ಹಿಡಿದುಹೋಗುತ್ತೆ. ಇಂಗ್ಲಿಷಿನವನಿಗೇನು ಗೊತ್ತು ಕೊಬ್ಬರಿ?"

ಆಮೇಲೆ ನಮ್ಮ ಮನೆಯ ಕ್ರಮವನ್ನೆಲ್ಲ ಹೇಳಿದೆ. ಬಲಿತ ಕಾಯನ್ನು ಸಿಪ್ಪೆಯ ಸಮೇತ ಅಟ್ಟಕ್ಕೆ ಏರಿಸುವುದು. ಹಲಗೆಗಳ ಸಂದಿನಿಂದ ಕೆಳಗಿನ ಒಲೆಯ ಹೊಗೆ ಆಡುತ್ತಿರಬೇಕು. ಹತ್ತು ಹನ್ನೆರಡು ತಿಂಗಳು ಯಾರೂ ಮುಟ್ಟುವ ಹಾಗಿಲ್ಲ. ಒಳಗಿನ ನೀರು ತಾನಾಗಿಯೇ ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಲೊಡಕ್ ಲೊಡಕ್ ಎನ್ನಬೇಕು. ಆಗ ಇಳಿಸಿ, ಸುಲಿದು, ಚಿಪ್ಪನ್ನು ಹುಷಾರಾಗಿ ಬಿಡಿಸಿದರೆ ಒಳಗಿನಿಂದ ಇಡೀ ಉಂಡೆ ಬರುತ್ತದೆ. ಗಾಯವಿಲ್ಲದ ದುಂಡನೆಯ ಉಂಡೆ.

"ತಲೆಬುರುಡೆಯ ಹಾಗೆ" ಎಂದರು ಮೇಷ್ಟ್ರು, ಕುರ್ಚಿಯಿಂದ ಮುಂದಕ್ಕೆ ಬಾಗಿ.

"ಹೂಂ ಮೇಷ್ಟ್ರೇ. ಬೋಳುತಲೆಯ ಹಾಗೇ."

ಅವರಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಹಳೆಯ ಬರಹಕ್ಕೆ ಅಡ್ಡಗೆರೆ ಎಳೆಸಿ, ಹೊಸದನ್ನು ಹೇಳಿ ಬರೆಸಿದರು. ಕೊಬ್ಬರಿಗೆ ಆ ಹೆಸರು ಬಂದದ್ದು ಅದರ ದುಂಡುತನದಿಂದ; ಒಡೆದು ಒಣಗಿಸುವುದೆಂದು ಬರೆಯುವವರು ಕೊಬ್ಬರಿಯನ್ನೇ ಕಂಡವರಲ್ಲ. ಈ ಕೊನೆಯ ಮಾತು ನನ್ನದು. ಅದನ್ನೂ ಸೇರಿಸಿ ಎಂದೆ, ಸೇರಿಸಿದರು.

ಹೊಸ್ತಿಲಿನ ಆಚೆಯಿಂದ ಅಮ್ಮ, "ಏನೂಂದ್ರೆ, ಒಬ್ಬನ ಮಾತು ಕೇಳಿ ಅಷ್ಟು ಗಟ್ಟಿಯಾಗಿ ಬರೀಬಹುದೇ?" ಎಂದರು.

"ಒಬ್ಬ ಅಲ್ಲ ಕಣೇ, ತೆಂಗಿನ ಮನೆಯವನು" ಎಂದರು ಮೇಷ್ಟ್ರು.

ಅಮ್ಮ ಮೊರವನ್ನು ಒಂದು ಸಲ ಜೋರಾಗಿ ಕೊಡವಿದರು.

ಅದೇ ವಾರ ಮೈಸೂರಿನ ಡಾಕ್ಟರಿಂದ ಕಾಗದ ಬಂತು. ಪೊರೆ ಬಲಿತಿರಬೇಕು, ಮುಂದಿನ ವಾರ ಬನ್ನಿ ಎಂದು. ನನಗೆ ನಾಲ್ಕು ದಿನದ ರಜೆ ಇತ್ತು. ಊರಿನಲ್ಲಿ ಅಟ್ಟದಿಂದ ಕೊಬ್ಬರಿ ಇಳಿಸುವ ಕಾಲ. ನಲವತ್ತು ಪದಗಳ ಪುಸ್ತಕವನ್ನು ಊರಿಗೇ ತೆಗೆದುಕೊಂಡು ಹೋಗಿ ಶುದ್ಧಪ್ರತಿ ಮುಗಿಸಿ ತರುತ್ತೇನೆ, ಅದನ್ನು ನೀವು ಮೈಸೂರಿನ ರೈಲಿಗೆ ಹೊರಡುವಾಗ ಜೊತೆಗೇ ಒಯ್ಯಿರಿ ಎಂದು ಹೇಳಿ ಹೊರಟೆ.

ಆಗ ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲಿನ ಹೊಗೆಯಲ್ಲಿ ಓಡುತ್ತಿದ್ದ ಕಾಲ. ಚನ್ನರಾಯಪಟ್ಟಣದವರೆಗೆ ಒಂದು ಬಸ್ಸು, ಅಲ್ಲಿಂದ ಹಿರೀಸಾವೆಗೆ ಇನ್ನೊಂದು. ಏರು ಬಂದರೆ ಇಳಿದು ನಡೆಯಬೇಕು. ಹಿರೀಸಾವೆ ಮುಟ್ಟುವಾಗ ಮುಖವೆಲ್ಲ ಮಸಿ. ರಸ್ತೆಯ ಪಕ್ಕದಲ್ಲಿ ಒಂದು ಹೋಟೆಲಿತ್ತು, ಕರಾವಳಿಯ ಕಡೆಯವರೊಬ್ಬರದು. ಮುಖ ತೊಳೆದು ಕಾಫಿಗೆ ಕೂತೆ. ಮೇಜಿನ ಮೇಲೆ ಇಟ್ಟ ಪುಸ್ತಕ ನೋಡಿ ಅವರು ಏನದು ಎಂದು ಕೇಳಿದರು. ನನಗೂ ಹೇಳಬೇಕೆನ್ನಿಸಿತ್ತು. ಇಂಗ್ಲಿಷಿನವನ ತಪ್ಪನ್ನು ನಾನು ಹಿಡಿದ ಕತೆಯನ್ನು ಸ್ವಲ್ಪ ಉಪ್ಪುಖಾರ ಹಚ್ಚಿಯೇ ಹೇಳಿದೆ.

ಅವರು ದೋಸೆ ಮಗುಚುತ್ತಿದ್ದವರು ಸಟ್ಟುಗ ಹಿಡಿದುಕೊಂಡೇ ತಿರುಗಿದರು.

"ನಿಮ್ಮದು ಎಂಥ ಕೊಬ್ಬರಿ ಮಾರಾಯ್ರೆ. ವರ್ಷಗಟ್ಟಲೆ ಅಟ್ಟದಲ್ಲಿಟ್ಟು ತಪಸ್ಸು ಮಾಡಿಸುವುದಾ? ನಮ್ಮಲ್ಲಿ ಕಾಯಿ ಸುಲಿದು ಎರಡು ಹೋಳು ಮಾಡಿ ಅಂಗಳದಲ್ಲಿ ಹಾಕುವುದು. ಏಳೆಂಟು ಬಿಸಿಲು ಬಿದ್ದರೆ ತಿರುಳು ಗೆರಟೆಯಿಂದ ತನ್ನಿಂದ ತಾನೇ ಎದ್ದು ಬರ್ತದೆ. ಮತ್ತೆ ಗಾಣಕ್ಕೆ."

"ಬೂಸ್ಟು?"

"ಮಳೆಗಾಲದಲ್ಲಿ ಹಿಡೀತದೆ. ಮಳೆಗಾಲದಲ್ಲಿ ಯಾರು ಮಾಡ್ತಾರೆ?"

"ಮಲಬಾರಿನಲ್ಲಿ?" ನನ್ನ ದನಿ ಆಗಲೇ ಇಳಿದಿತ್ತು.

"ಅಲ್ಲಿಯೂ ಹೀಗೇ. ನನ್ನ ಮಾವ ಅಲ್ಲಿ ಗಾಣ ಇಟ್ಟವರು. ಸಮುದ್ರದ ಬದಿಯಲ್ಲಿ ಇಡೀ ಊರೇ ಒಡೆದ ಕಾಯಿ ಹರಡಿಕೊಂಡು ಕೂತಿರ್ತದೆ. ಕಾಗೆ ಓಡಿಸುವುದೇ ಒಂದು ಕೆಲಸ." ದೋಸೆಯನ್ನು ತಟ್ಟೆಗೆ ಹಾಕಿ ನನ್ನ ಮುಂದಿಟ್ಟರು. "ನಿಮ್ಮ ಉಂಡೆ ಕೊಬ್ಬರಿ ಚಂದ ಉಂಟು, ಇಲ್ಲ ಅನ್ನುವುದಿಲ್ಲ. ಆದರೆ ಹಡಗಿಗೆ ಹತ್ತಿದ್ದು ಅದಲ್ಲ."

ಪೋರ್ಚುಗೀಸರು ಹಡಗು ನಿಲ್ಲಿಸಿದ್ದು ಮಲಬಾರಿನಲ್ಲಿ, ಚನ್ನರಾಯಪಟ್ಟಣದಲ್ಲಲ್ಲ. ಅವರು ಕಂಡ ಕೊಬ್ಬರಿ ಹೋಳು. ಅದನ್ನು ಸರಿಯಾಗಿ ಬರೆದಿದ್ದ ಮೇಷ್ಟ್ರ ಸಾಲಿಗೆ ನಾನೇ ಅಡ್ಡಗೆರೆ ಎಳೆದಿದ್ದೆ. ಮೇಲೆ, ಕೊಬ್ಬರಿಯನ್ನೇ ಕಾಣದವರು ಎಂಬ ಬೈಗುಳವನ್ನೂ ಸೇರಿಸಿದ್ದೆ. ಅದು ಅಚ್ಚಾಗಿ, ಮಂಗಳೂರಿನ ಕಡೆಯ ಯಾವುದಾದರೂ ಶಾಲೆಯಲ್ಲಿ ಮಕ್ಕಳು ಅದನ್ನು ಓದಿ ನಕ್ಕರೆ? ಒಂದು ಪದ ತಪ್ಪೆಂದಾದರೆ ಉಳಿದ ಮೂವತ್ತೊಂಬತ್ತನ್ನು ಯಾರು ನಂಬುತ್ತಾರೆ? ತಿದ್ದಲು ಆ ಹೊತ್ತಿಗೆ ಮೇಷ್ಟ್ರಿಗೆ ಕಣ್ಣಿರುತ್ತದೋ ಇಲ್ಲವೋ.

ನಮ್ಮ ಪ್ರಾಂತದವನು ಮಾತ್ರ ಮಾಡಬಹುದಾದ ತಪ್ಪು ಅದು. ಹುಟ್ಟಿದಾಗಿನಿಂದ ತಲೆಯ ಮೇಲೆ ಅಟ್ಟ, ಅಟ್ಟದ ತುಂಬ ಕಾಯಿ. ಲೋಕದ ಕೊಬ್ಬರಿಯೆಲ್ಲ ಹೀಗೇ ಆಗುವುದೆಂದು ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ. ಬೇರೆ ರೀತಿ ಇರಬಹುದೆಂದೂ ಯಾರೂ ಹೇಳಿರಲಿಲ್ಲ.

ಮನೆ ಮುಟ್ಟುವ ಹೊತ್ತಿಗೆ ಅಜ್ಜಿ ನಡುಮನೆಯಲ್ಲಿ ಅಟ್ಟದ ಬಾಯಿಯ ಕೆಳಗೆ ಕಾಲು ಚಾಚಿ ಕೂತಿದ್ದಳು. ಮೇಲಿನಿಂದ ನಮ್ಮ ಚಿಕ್ಕಪ್ಪ ಒಂದೊಂದೇ ಕಾಯನ್ನು ಹಗ್ಗ ಕಟ್ಟಿದ ಕುಕ್ಕೆಯಲ್ಲಿ ಇಳಿಸುತ್ತಿದ್ದರು. ಅಜ್ಜಿ ಒಂದೊಂದನ್ನೂ ಎತ್ತಿ, ಬಲಗಿವಿಯ ಹತ್ತಿರ ಎರಡು ಸಲ ಅಲ್ಲಾಡಿಸಿ, ಒಂದನ್ನು ಈ ಕಡೆ, ಒಂದನ್ನು ಆ ಕಡೆ ಹಾಕುತ್ತಿದ್ದಳು. ಲೊಡಕ್ ಎಂದದ್ದು ಸುಲಿಯುವ ಗುಡ್ಡೆಗೆ. ದನಿ ಕಟ್ಟಿಕೊಂಡದ್ದು ಮತ್ತೆ ಅಟ್ಟಕ್ಕೆ. ಅವಳ ಎರಡು ಕಣ್ಣಿಗೂ ಪೊರೆ ಬಂದು ಎಷ್ಟೋ ವರ್ಷವಾಗಿತ್ತು. ಆಸ್ಪತ್ರೆಯ ಮಾತೆತ್ತಿದರೆ, "ನನ್ ಕಿವಿ ಐತಲ್ಲ" ಎನ್ನುತ್ತಿದ್ದಳು.

ಪಕ್ಕದಲ್ಲಿ ಕೂತು ಎಲ್ಲವನ್ನೂ ಹೇಳಿದೆ. ಮೇಷ್ಟ್ರ ಕಣ್ಣು, ಪುಸ್ತಕ, ನನ್ನ ಜಂಬ, ದೋಸೆ ಅಂಗಡಿಯವರ ಮಾತು. ಅವಳು ಕಾಯಿ ಅಲ್ಲಾಡಿಸುತ್ತಲೇ ಕೇಳಿದಳು.

"ಒಡ್ದು ಒಣುಗುಸ್ತಾರಂತಾ?"

"ಹೂಂ ಅಜ್ಜಿ."

"ನಾನೂ ಕೇಳಿರ್ನಿಲ್ಲ ಬುಡು. ಈ ಅಟ್ಟ ಬುಟ್ಟು ನಾನೆಲ್ಲಿಗೋಗಿದೀನಿ. ಅದ್ಕೇ ಯಾರೂ ಅಂಗ್ ಮಾಡಾಕಿಲ್ಲ ಅಂತ ನಾನು ಏಳಿರ್ನಿಲ್ಲ. ನೀನ್ಯಾಕ್ಲಾ ಏಳಕ್ಕೋದೆ?"

ನಾನು ದಾರಿಯುದ್ದಕ್ಕೂ ಮನಸ್ಸಿನಲ್ಲಿ ತಿರುಗುತ್ತಿದ್ದ ಉಪಾಯವನ್ನು ಹೇಳಿದೆ. ಶುದ್ಧಪ್ರತಿ ಬರೆಯುವವನು ನಾನೇ. ಕೊಬ್ಬರಿಯ ಪುಟವನ್ನು ಸುಮ್ಮನೆ ಮೊದಲಿನ ಹಾಗೆ ಬರೆದುಬಿಟ್ಟರಾಯಿತು. ಮೇಷ್ಟ್ರಿಗೆ ಓದಲು ಕಾಣುವುದಿಲ್ಲ. ಆಪರೇಷನ್ನಿಗೆ ಮುಂಚೆ ಅವರ ಮನಸ್ಸಿಗೆ ನೋವೂ ಆಗುವುದಿಲ್ಲ, ಪುಸ್ತಕವೂ ಸರಿಹೋಗುತ್ತದೆ.

ಅಜ್ಜಿಯ ಕೈ ನಿಂತಿತು.

"ಕಣ್ ಕಾಣ್ದೋರ ಅತ್ರ ಅಂಗ್ ಮಾಡ್ಬಾರ್ದು ಕಣ್ಲಾ ಮಗ. ನಂಗೂ ಕಾಣಾಕಿಲ್ಲ. ನಿಮ್ ಚಿಕ್ಕಪ್ಪ ಕೆಟ್ ಕಾಯ್ನ ತಂದು ನನ್ ಗುಡ್ಡೆಗಾಕಿದ್ರೆ ನಂಗೇನ್ ಗೊತ್ತಾಯ್ತದೆ?"

ಮೇಲಿನಿಂದ ಚಿಕ್ಕಪ್ಪ, "ಗೊತ್ತಾಯ್ತದೆ ಕಣವ್ವ, ಓದ್ ವರ್ಸ ಸಿಕ್ಕಾಕಂಡಿದ್ದೆ" ಎಂದರು.

"ಗೊತ್ತಾಯ್ತದೆ, ಅದು ಬ್ಯಾರೆ ಮಾತು" ಎಂದಳು ಅಜ್ಜಿ. "ಆದ್ರೆ ಗೊತ್ತಾದ ದಿನದಿಂದ ನಾನು ಇವನು ಕೊಟ್ಟಿದ್ನೆಲ್ಲ ಎಲ್ಡೆಲ್ಡು ಸಲ ಅಲ್ಲಾಡುಸ್ತಾ ಇವ್ನಿ. ಮುಂಚೆ ಒಂದೇ ಸಲ ಸಾಕಾಗ್ತಿತ್ತು. ನಿಮ್ ಮೇಷ್ಟ್ರು ಇನ್ಮ್ಯಾಕೆ ನಿನ್ ಬಾಯಿಂದ್ಲೇ ಓದ್ಬೇಕು. ನೀನ್ ಓದಿದ್ನೆಲ್ಲ ಅವ್ರು ಎಲ್ಡೆಲ್ಡು ಸಲ ಅಲ್ಲಾಡುಸ್ಬೇಕಾ?"

ಆಮೇಲೆ ಅವಳು ಗುಡ್ಡೆಯಿಂದ ಒಂದು ಕಾಯನ್ನು ಹುಡುಕಿ ತೆಗೆದು ನನ್ನ ತೊಡೆಯ ಮೇಲಿಟ್ಟಳು. "ತಕಂಡೋಗು. ಅವ್ರ ಕೈಗೆ ಕೊಟ್ಟು, ಕಿವಿ ತಾವ ಇಡ್ಸು. ಆಮೇಲೆ ಏಳು, ನಾ ತಪ್ಪೇಳಿದ್ದೆ ಅಂತ."

ಕೊಬ್ಬರಿಯ ಪುಟವೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಬರೆದು ಮುಗಿಸಿದೆ. ರಜೆ ಇನ್ನೂ ಒಂದು ದಿನ ಇದ್ದಹಾಗೆಯೇ ಹೊಳೆನರಸೀಪುರಕ್ಕೆ ಹಿಂದಿರುಗಿದೆ. ಜಗಲಿಯ ಮೇಲೆ ಟ್ರಂಕು ಕಟ್ಟಿ ಇಟ್ಟಿದ್ದರು. ಮಾರನೆಯ ಬೆಳಿಗ್ಗೆ ರೈಲು.

"ಮುಗೀತೇನಯ್ಯ?" ಎಂದರು ಮೇಷ್ಟ್ರು.

ಕಾಯನ್ನು ಅವರ ಕೈಗೆ ಕೊಟ್ಟೆ. ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ ಮೇಷ್ಟ್ರೇ ಎಂದೆ. ಅವರು ಮಗುವಿನ ಹಾಗೆ ಅಲ್ಲಾಡಿಸಿದರು. ಇನ್ನೊಂದು ಸಲ. ಅವರ ಮುಖ ಅರಳಿತು. ಆದರೂ ಹೇಳಿದೆ. ಹೋಟೆಲಿನವರು ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದೆ. ಸುಮ್ಮನೆ ತಿದ್ದಿಬಿಡೋಣ ಎಂದುಕೊಂಡಿದ್ದೆ ಎಂಬುದನ್ನೂ ಹೇಳಿದೆ.

ಮೇಷ್ಟ್ರು ಕಾಯಿಯನ್ನು ತೊಡೆಯ ಮೇಲಿಟ್ಟುಕೊಂಡರು.

"ತಪ್ಪು ನಿನ್ನದಲ್ಲವಯ್ಯ" ಎಂದರು. "ನೀನು ನಿಮ್ಮನೆ ಕೊಬ್ಬರಿ ಹೇಗೆ ಆಗುತ್ತೆ ಅಂತ ಹೇಳಿದೆ. ಅದು ನಿಜವೇ. ಅದನ್ನ ಲೋಕದ ಕೊಬ್ಬರಿ ಅಂದುಕೊಂಡು ಬರೆಸಿದವನು ನಾನು. ಕಣ್ಣು ಹೋಗೋದರೊಳಗೆ ಮುಗಿದರೆ ಸಾಕು ಅಂತ ಅವಸರ ಬಿದ್ದೆ. ಮೂವತ್ತೊಂಬತ್ತು ಪದಕ್ಕೆ ಮಾಡದ್ದನ್ನ ಇದಕ್ಕೆ ಮಾಡಿದೆ, ಒಬ್ಬನನ್ನೇ ಕೇಳಿದೆ." ಒಳಗೆ ಮುಖ ತಿರುಗಿಸಿ, "ನೀನು ಹೇಳಿದ್ದೆ ಕಣೇ" ಎಂದರು.

ಅಮ್ಮ ಹೊರಗೆ ಬಂದರು. ಕೈಯಲ್ಲಿ ಅರ್ಧ ಕೊಬ್ಬರಿ ಇತ್ತು, ಪಲ್ಯಕ್ಕೆ ತುರಿಯಲು ತೆಗೆದದ್ದು. ಅದನ್ನು ಮೇಷ್ಟ್ರ ಅಂಗೈಯಲ್ಲಿ ಮೇಲ್ಮುಖವಾಗಿ ಇಟ್ಟರು.

"ಇದಕ್ಕೇನಂತೀವಿ?"

"ಕೊಬ್ಬರಿ ಬಟ್ಟಲು" ಎಂದರು ಮೇಷ್ಟ್ರು. ಎಂದವರೇ ನಿಲ್ಲಿಸಿದರು. ಹೆಬ್ಬೆರಳಿನಿಂದ ಅದರ ಒಳಮೈಯನ್ನು ಸವರಿದರು. "ಬಟ್ಟಲು. ಮದುವೆ ಮುಂಜಿ ತಾಂಬೂಲದಲ್ಲೆಲ್ಲ ಕೊಬ್ಬರಿ ಬಟ್ಟಲು. ನಲವತ್ತು ವರ್ಷದಿಂದ ನಿನ್ನ ಬಾಯಲ್ಲೇ ಕೇಳ್ತಾ ಇದೀನಲ್ಲೇ."

"ನಿಮಗೆ ಸಂತೆಯವರ ಬಾಯೇ ಆಗಬೇಕು" ಎಂದರು ಅಮ್ಮ. "ಆಲೆಮನೆಯಲ್ಲಿ ಕಬ್ಬಿನ ಹಾಲು ಕಾಯಿಸೋದಕ್ಕೆ ಕೊಪ್ಪರಿಗೆ ಇಡ್ತಾರಲ್ಲ, ಅದು ಇದರ ಅಣ್ಣನೋ ತಮ್ಮನೋ ಇರಬೇಕು, ಅದನ್ನೂ ಕೇಳಿಕೊಳ್ಳಿ."

ಮೇಷ್ಟ್ರು ನಕ್ಕರು. ನಾನು ಬಂದ ಮೇಲೆ ಆ ಮನೆಯಲ್ಲಿ ಅದು ಮೊದಲನೆಯ ನಗು. "ಬರಕೊಳ್ಳಯ್ಯ" ಎಂದರು.

ಬರೆದುಕೊಂಡೆ. ಇಂಗ್ಲಿಷಿನ ಕಾಪ್ರ ಪೋರ್ಚುಗೀಸರಿಂದ. ಪೋರ್ಚುಗೀಸರಿಗೆ ಮಲಬಾರಿನ ಕೊಪ್ಪರದಿಂದ. ಅದರ ಹಿಂದೆ ಖರ್ಪರ ಇರಬಹುದೆಂದು ತೋರುತ್ತದೆ. ಹಡಗು ಹತ್ತಿದ ಕೊಬ್ಬರಿ ಎರಡು ಹೋಳಾಗಿ ಬಿಸಿಲಿನಲ್ಲಿ ಒಣಗಿದ್ದು, ಬಟ್ಟಲಿನ ಆಕಾರದ್ದು. ನಮ್ಮ ಚನ್ನರಾಯಪಟ್ಟಣದ ಸೀಮೆಯಲ್ಲಿ ಅದು ಅಟ್ಟದ ಮೇಲೆ ವರ್ಷ ಕಾದು ಇಡೀ ಉಂಡೆಯಾಗುತ್ತದೆ. ಅದನ್ನು ನೋಡಿದವನಿಗೆ ತಲೆಬುರುಡೆ ನೆನಪಾದರೆ ಅವನನ್ನೂ ತಪ್ಪೆನ್ನಲಾಗದು. ಕೊಪ್ಪರಿಗೆ ಎಂಬುದು ಈ ಮನೆತನದ್ದೇ ಇರಬೇಕು, ವಿಚಾರಿಸತಕ್ಕದ್ದು. ಕೊನೆಯಲ್ಲಿ, ಇದನ್ನು ಹೇಳಿಕೊಟ್ಟವರು ಹೋಟೆಲಿನ ಒಬ್ಬರು, ಅಟ್ಟದ ಕೆಳಗಿನ ಒಬ್ಬ ಅಜ್ಜಿ, ಮತ್ತು ಬರೆದವನ ಹೆಂಡತಿ.

"ನಿನ್ನ ಹೆಸರೂ ಹಾಕಲೇನಯ್ಯ?"

"ಬೇಡ ಮೇಷ್ಟ್ರೇ."

"ಹಾಗಾದರೆ ಈಗ ಓದು. ಮೊದಲಿಂದ."

ನಾನು ಓದಿದೆ. ಅವರು ಒಂದೇ ಸಲ ಕೇಳಿದರು. ಸರಿ ಎಂದರು.

ಆಪರೇಷನ್ ಆಯಿತು. ಕಟ್ಟು ಬಿಚ್ಚಿದಾಗ ಕಿಟಕಿ ಯಾವ ಕಡೆ ಇದೆ ಎಂದು ತಿಳಿಯುವಷ್ಟು ಬೆಳಕು ಬಂತು. ಅಕ್ಷರ ಬರಲಿಲ್ಲ. ಅಚ್ಚುಕೂಟದವರು ಯುದ್ಧದ ಕಾಗದದ ಬರದಿಂದ ಪುಸ್ತಕವನ್ನು ಎಷ್ಟೋ ಕಾಲ ಇಟ್ಟುಕೊಂಡಿದ್ದು, ಕೊನೆಗೆ ಒರಟು ಕಾಗದದಲ್ಲಿ ತೆಳ್ಳಗೆ ಅಚ್ಚುಹಾಕಿ ಕಳಿಸಿದರು. ಮೇಷ್ಟ್ರು ಅದರ ಬೆನ್ನು ಸವರಿ, ಮೂಸಿ ನೋಡಿ, ನೋಡಲು ಬಂದಿದ್ದ ನನಗೆ ನಲವತ್ತನೆಯ ಪದ ಓದು ಎಂದರು. ನನಗೆ ಅಷ್ಟರಲ್ಲಿ ಅರಕಲಗೂಡಿಗೆ ವರ್ಗವಾಗಿತ್ತು. ಅಲ್ಲಿನ ಆಲೆಮನೆಗಳಲ್ಲೆಲ್ಲ ಕೊಪ್ಪರಿಗೆಯ ವಿಷಯ ಕೇಳಿದೆ. ಬಿಸಿಬೆಲ್ಲ ಕೊಟ್ಟರು, ಉತ್ತರ ಕೊಡಲಿಲ್ಲ. ಆ ವಿಚಾರಿಸತಕ್ಕದ್ದು ಇನ್ನೂ ಹಾಗೆಯೇ ಉಳಿದಿದೆ.

ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದು ಹೇಳಲು ಕಲಿಸಿದವಳು ಓದು ಬರದ ಒಬ್ಬಳು. ಗೊತ್ತಿದ್ದದ್ದನ್ನೂ ಇನ್ನೊಬ್ಬರನ್ನು ಕೇಳಿ ಬರೆಯಲು ಕಲಿಸಿದವರು ತುಂಬ ಓದಿದ ಒಬ್ಬರು. ಇಬ್ಬರಿಗೂ ಕಣ್ಣಿರಲಿಲ್ಲ. ನಾನು ಬರೆದ ಒಂದೊಂದು ಸಾಲಿನಲ್ಲೂ ಅವರ ಪಾಲಿದೆ ಎಂದು ಇಲ್ಲಿ ಹೇಳಿಬಿಡಬೇಕು, ಅವರಿದ್ದಾಗ ಅದನ್ನು ಬಾಯಿಬಿಟ್ಟು ಹೇಳುವ ರೂಢಿ ನಮ್ಮಲ್ಲಿರಲಿಲ್ಲ.

ಅದಾದ ಮೇಲೆ ಒಂದು ವರ್ಷ, ಕೊಬ್ಬರಿ ಇಳಿಸುವ ಕಾಲದಲ್ಲಿ, ಮೇಷ್ಟ್ರು ಅಮ್ಮನ ಕೈ ಹಿಡಿದುಕೊಂಡು ಬಸ್ಸಿನಲ್ಲಿ ನಮ್ಮೂರಿಗೆ ಬಂದರು. ಅಜ್ಜಿ ಅಟ್ಟದ ಬಾಯಿಯ ಕೆಳಗೆ ತನ್ನ ಪಕ್ಕದಲ್ಲಿ ಅವರಿಗೂ ಒಂದು ಮಣೆ ಹಾಕಿಸಿದಳು. ಇಬ್ಬರೂ ಬೆಳಗಿನಿಂದ ಮಧ್ಯಾಹ್ನದ ಊಟದವರೆಗೆ ಕಾಯಿ ಅಲ್ಲಾಡಿಸಿದರು. ಊಟಕ್ಕೆ ಎದ್ದ ಮೇಲೆ ಅಜ್ಜಿ ಮೇಷ್ಟ್ರ ಗುಡ್ಡೆಯ ಹತ್ತಿರ ಸರಿದು, ಒಂದೊಂದನ್ನೂ ಎತ್ತಿ, ಒಂದೇ ಒಂದು ಸಲ ಅಲ್ಲಾಡಿಸಿ ಇಟ್ಟಳು. ಎರಡನ್ನು ಮಾತ್ರ ಚಿಕ್ಕಪ್ಪನ ಕೈಗೆ ಕೊಟ್ಟು ಮತ್ತೆ ಅಟ್ಟಕ್ಕೆ ಹಾಕಿಸಿದಳು.